ನಾಲ್ಕು ಚೌಕದ ಟೀವಿ

ಬೆಂಕಿಗೆ ಇನ್ನೊಂದು ಚೂರು ಹಲಗೆ ಹಾಕಿ, ಹೇಳುತ್ತೇನೆ. ಹೊಗೆ ಜಾಸ್ತಿಯಾದರೆ ಮೇಲಿನ ಮನೆಯ ಆಂಟಿ ಬೈಯುತ್ತಾರೆ. ದಿಲ್ಲಿಯ ಗಾಳಿ ಕೆಟ್ಟದ್ದಕ್ಕೆಲ್ಲ ನಮ್ಮ ಈ ಬಾಣಲೆಯೇ ಕಾರಣ ಅನ್ನೋ ಹಾಗೆ. ನೀವೆಲ್ಲ ಸಿ.ಎ. ಕೋಚಿಂಗಿಗೆ ಅಂತ ಬಂದವರು. ಲಕ್ಷ್ಮೀ ನಗರ ಅಂದರೆ ನಿಮಗೆ ಒಂದು ಮೆಟ್ರೋ ಸ್ಟೇಷನ್ನು, ಸುತ್ತಲಿನ ಗೋಡೆ ತುಂಬ ಪಾಠ ಹೇಳುವ ಸರ್‌ಗಳ ಮುಖ. ನಾನು ಹೇಳುವುದು 2006ರ ಮಾತು. ಮೆಟ್ರೋ ಇಲ್ಲಿಗೆ ಬಂದದ್ದು 2010ರಲ್ಲಿ. ಆಗೆಲ್ಲ ಯಮುನೆ ದಾಟಬೇಕೆಂದರೆ ಬ್ಲೂಲೈನ್ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಐಟಿಒ ಸೇತುವೆ ದಾಟಬೇಕಿತ್ತು.

ನಾನಿದ್ದದ್ದು ಇದೇ ಗಲ್ಲಿಯ ಒಂದು ಕಟ್ಟಡದ ನೆತ್ತಿಯ ಮೇಲೆ, ಬರ್ಸಾತಿಯಲ್ಲಿ. ಒಂದು ಕೋಣೆ, ಹೊರಗೆ ತಾರಸಿ, ತಾರಸಿಯಲ್ಲಿ ಕಪ್ಪು ಸಿಂಟೆಕ್ಸ್ ಟ್ಯಾಂಕು. ಆ ವರ್ಷ ಸೋದರತ್ತೆಯ ಮಗ ಬಂದು ನನ್ನ ಜೊತೆ ಉಳಿದಿದ್ದ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಓದಿ ಮುಗಿಸಿ, ದಿಲ್ಲಿಯಲ್ಲಿ ಏನಾದರೂ ಆದೀತು ಅಂತ ಬಂದವನು. ಹಗಲಿಡೀ ಗ್ಯಾಲರಿ ಸುತ್ತುವುದು, ರಾತ್ರಿ ಬಂದು ನಾನು ಮಾಡಿದ ಅನ್ನ ಸಾರಿಗೆ ಹೆಸರಿಡುವುದು. ಒಂದು ಸಂಜೆ ಬಂದವನೇ, "ಭಾವ, ನಾಳೆ ರಜ ಹಾಕು. ಖಿರ್ಕಿಯಲ್ಲಿ ಟೀವಿ ನೋಡೋಕೆ ಹೋಗೋಣ" ಅಂದ. ಟೀವಿ ನೋಡಲು ಅಷ್ಟು ದೂರ ಹೋಗಬೇಕೇ ಎಂದು ಕೇಳಿದ್ದಕ್ಕೆ, "ಅದು ನಿನ್ನನ್ನೂ ನೋಡೋ ಟೀವಿ" ಎಂದ.

ಖಿರ್ಕಿ ದಕ್ಷಿಣ ದಿಲ್ಲಿಯ ಒಂದು ಹಳ್ಳಿ. ಫಿರೋಜ್ ಶಾ ತುಘಲಕನ ಮಂತ್ರಿ ಹದಿನಾಲ್ಕನೇ ಶತಮಾನದಲ್ಲಿ ಕಟ್ಟಿಸಿದ ಮಸೀದಿ ಅಲ್ಲಿದೆ, ಜಾಲರಿ ಕಿಟಕಿಗಳ ಮಸೀದಿ. ಊರಿನ ಹೆಸರೂ ಆ ಕಿಟಕಿಗಳದ್ದೇ. ಹಳ್ಳಿಯ ಪಕ್ಕ ಖಿರ್ಕಿ ಎಕ್ಸ್‌ಟೆನ್ಷನ್. ಅದನ್ನು ವಿವರಿಸಬೇಕಾಗಿಲ್ಲ, ನಮ್ಮ ಲಕ್ಷ್ಮೀ ನಗರವನ್ನೇ ಎತ್ತಿ ಅಲ್ಲಿಟ್ಟ ಹಾಗಿದೆ: ಕೈ ಚಾಚಿದರೆ ಎದುರುಮನೆ ಗ್ರಿಲ್ ಸಿಗುವ ಗಲ್ಲಿ, ತಲೆಯ ಮೇಲೆ ವೈರುಗಳ ಗೋಜಲು, ಮನೆಯೊಳಗೇ ಹೊಲಿಗೆ ಕಾರ್ಖಾನೆ. ರಸ್ತೆಯಾಚೆ ಸಾಕೇತ್‌ನ ಮಾಲ್‌ಗಳು ಆಗಿನ್ನೂ ಏಳುತ್ತಿದ್ದವು.

ಆ ಗಲ್ಲಿಯ ನಡುವೆ ಖೋಜ್ ಅಂತ ಕಲಾವಿದರದೊಂದು ಸಂಸ್ಥೆ. ಸುಬೋಧ್ ಗುಪ್ತಾ, ಭಾರತಿ ಖೇರ್, ಅನಿತಾ ದುಬೆ, ಮನಿಷಾ ಪಾರೇಖ್ ಮೊದಲಾದವರು ಸೇರಿ 1997ರಲ್ಲಿ ಶುರು ಮಾಡಿದ್ದು. ನಡೆಸಿಕೊಂಡು ಬಂದವರು ಪೂಜಾ ಸೂದ್. ಮೊದಲ ಶಿಬಿರ ನಡೆದದ್ದು ಇಲ್ಲೇ ಹತ್ತಿರ, ಉತ್ತರ ಪ್ರದೇಶದ ಮೋದಿನಗರದಲ್ಲಿ. ಮುಂದೆ ಮೈಸೂರು, ಬೆಂಗಳೂರಿಗೂ ಆ ಶಿಬಿರ ಹೋಯಿತು. 2002ರಲ್ಲಿ ಖಿರ್ಕಿಯಲ್ಲಿ ನೆಲೆ ನಿಂತಿತು. ರೆಸಿಡೆನ್ಸಿ ಅಂದರೆ ಇಷ್ಟೇ: ಕೆಲವು ವಾರಗಳ ಮಟ್ಟಿಗೆ ಕಲಾವಿದನಿಗೆ ಜಾಗ ಕೊಡುತ್ತಾರೆ, ಖರ್ಚಿಗೆ ಒಂದಿಷ್ಟು ಕೊಡುತ್ತಾರೆ, ಇಂಥದ್ದೇ ಮಾಡು ಅಂತ ಹೇಳುವುದಿಲ್ಲ. ಕೊನೆಗೆ ಒಂದು ದಿನ ಬಾಗಿಲು ತೆರೆದು ಬನ್ನಿ, ನೋಡಿ ಅನ್ನುತ್ತಾರೆ. ನೋಡಲು ಬರುವವರು ಕಾರಿನಲ್ಲಿ ಬರುತ್ತಾರೆ. ಪಕ್ಕದ ಮನೆಯವರು ಬಾಲ್ಕನಿಯಿಂದ ಆ ಕಾರುಗಳನ್ನು ನೋಡುತ್ತಾರೆ. ಇಂಥ ಸಂಸ್ಥೆಗಳಿಗೆಲ್ಲ ಎಲ್ಲೆಲ್ಲೂ ಇರುವ ಮುಜುಗರ ಇದು. ಗಲ್ಲಿಯವರು ಒಳಗೆ ಬರದಿದ್ದರೆ ಗಲ್ಲಿಯೊಳಗೆ ಯಾಕಿರಬೇಕು?

ಆ ಏಪ್ರಿಲ್‌ನಲ್ಲಿ ಅಲ್ಲಿದ್ದವರು ಮುಂಬಯಿಯ ಶೈನಾ ಆನಂದ್. ಸಿನಿಮಾ ಮಾಡುವವರು, ಮುಂದೆ ಕ್ಯಾಂಪ್ ಎಂಬ ಗುಂಪು ಕಟ್ಟಿದವರಲ್ಲಿ ಒಬ್ಬರು. ಅವರು ಮಾಡಿದ್ದರ ಹೆಸರು ಖಿರ್ಕೀಯಾನ್. ಅಂಗಡಿಗಳಲ್ಲಿ ಕಳ್ಳರ ಮೇಲೆ ಕಣ್ಣಿಡಲು ಹಾಕುತ್ತಾರಲ್ಲ, ಅಂಥ ಅಗ್ಗದ ಸಿಸಿಟಿವಿ ಕ್ಯಾಮರಾ, ಕೇಬಲ್ ಟೀವಿಯ ವೈರು, ಮೈಕು, ಮಾಮೂಲಿ ಟೀವಿ. ಗಲ್ಲಿಯ ನಾಲ್ಕು ಕಡೆ ನಾಲ್ಕು ಟೀವಿ, ಒಂದೊಂದರ ನೆತ್ತಿಯ ಮೇಲೂ ಒಂದು ಕ್ಯಾಮರಾ. ಪರದೆ ನಾಲ್ಕು ಚೌಕವಾಗಿ ಒಡೆದಿರುತ್ತದೆ, ನಾಲ್ಕೂ ಕಡೆಯವರು ಎಲ್ಲ ಪರದೆಗಳಲ್ಲೂ ಕಾಣುತ್ತಾರೆ, ಮಾತೂ ಕೇಳುತ್ತದೆ. ನಿರೂಪಕ ಇಲ್ಲ, ಸ್ಟುಡಿಯೋ ಇಲ್ಲ, ಪ್ರಶ್ನೆ ಕೇಳುವವರಿಲ್ಲ. ಹೀಗೆ ಏಳು ಕಂತು. ನಿಮಗೆ ಇದರಲ್ಲಿ ಅಂಥದ್ದೇನು ಕಾಣಲಿಕ್ಕಿಲ್ಲ, ಫೋನಿನಲ್ಲಿ ದಿನಾ ಅಮ್ಮನ ಮುಖ ನೋಡುವವರು ನೀವು. ಆಗ ನಾವು ಊರಿಗೆ ಮಾತಾಡಲು ಎಸ್‌ಟಿಡಿ ಬೂತಿನಲ್ಲಿ ಮೀಟರ್ ಮೇಲೆ ಕಣ್ಣಿಟ್ಟುಕೊಂಡು ನಿಲ್ಲುತ್ತಿದ್ದೆವು.

ನಾವು ಹೋಗಿ ನಿಂತದ್ದು ಒಂದು ಸಣ್ಣ ಅಂಗಡಿಯ ಮುಂದೆ. ಜನ ಮೊದಲು ಮಾತಾಡಲೇ ಇಲ್ಲ. ಹುಡುಗರು ಪರದೆಯಲ್ಲಿ ತಮ್ಮ ಚೌಕ ಹುಡುಕಿ ಕ್ರಾಪು ಸರಿ ಮಾಡಿಕೊಂಡರು. ಒಬ್ಬ ಕೈ ಬೀಸಿದ. ಇನ್ನೊಂದು ಚೌಕದಲ್ಲಿ ಯಾರೋ ಕೈ ಬೀಸಿದರು. "ಆವಾಜ್ ಆ ರಹೀ ಹೈ?" "ಆ ರಹೀ ಹೈ." ಸುಮಾರು ಹೊತ್ತು ಇಷ್ಟೇ. ನನಗೆ ಬೇಸರ ಬಂತು. ಇದಕ್ಕೋಸ್ಕರ ಒಂದು ದಿನದ ಸಂಬಳ ಹೋಯಿತಲ್ಲ ಅಂದುಕೊಳ್ಳುತ್ತಿದ್ದೆ.

ಆಮೇಲೆ ನಮ್ಮ ಬಲಗಡೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬಂದು ಕೂತಳು. ತೊಡೆಯ ಮೇಲೆ ಸ್ಟೀಲಿನ ಪರಾತ, ಅದರಲ್ಲಿ ಅಕ್ಕಿ. ಕಲ್ಲು ಆರಿಸುತ್ತಿದ್ದಳು. ಕ್ಯಾಮರಾ ಕಡೆ ಒಮ್ಮೆಯೂ ತಲೆ ಎತ್ತಲಿಲ್ಲ. ಕೆಳಗಿನ ಚೌಕದಲ್ಲಿ ಇನ್ನೊಬ್ಬಳು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದಳು. ಪರಾತದವಳು ಅಕ್ಕಿಯನ್ನು ಬೆರಳಿನಿಂದ ಅತ್ತ ತಳ್ಳುತ್ತ, ಇತ್ತ ಎಳೆಯುತ್ತ ಕೇಳಿದಳು: "ಏ ನೀಲಿ ಸೀರೆ, ನಿನ್ನ ಮನೆ ಬಾಡಿಗೆ ಎಷ್ಟು?" ಅವಳು ಹೇಳಿದಳು. "ಕರೆಂಟು ಸೇರಿಯೋ, ಬೇರೆಯೋ?" ಬೇರೆ. "ಯೂನಿಟ್ಟಿಗೆಷ್ಟು ಹಿಡೀತಾನೆ?" ಅದನ್ನೂ ಹೇಳಿದಳು. ಪರಾತದವಳ ಬೆರಳು ನಿಂತಿತು. ಒಂದು ಕಲ್ಲು ಎತ್ತಿ ಗಲ್ಲಿಗೆ ಎಸೆದು, ತನ್ನ ಮನೆಮಾಲೀಕನ ವಂಶವನ್ನು ನಾಲ್ಕೂ ಚೌಕಕ್ಕೆ ಕೇಳುವಂತೆ ಜಾಲಾಡಿದಳು.

ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ನೀರು ಯಾವ ಗಲ್ಲಿಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ನಿಮ್ಮದು ಯಾವ ಜಿಲ್ಲೆ, ಅಲ್ಲಿ ಕೆಲಸ ಖಾಲಿ ಇದೆಯೇ. ಆಗ ಊರಲ್ಲೆಲ್ಲ ಸೀಲಿಂಗಿನ ಭಯ. ವಸತಿ ಬಡಾವಣೆಗಳಲ್ಲಿರುವ ಅಂಗಡಿಗಳಿಗೆ ಕೋರ್ಟಿನ ಆದೇಶದಂತೆ ಪಾಲಿಕೆಯವರು ಬೀಗ ಜಡಿಯತೊಡಗಿದ್ದು ಅದೇ ಮಾರ್ಚ್ ಕೊನೆಯಲ್ಲಿ. ಅಂಗಡಿಯಾತ ಎದುರು ಚೌಕದವನನ್ನು ಕೇಳಿದ್ದೂ ಅದನ್ನೇ: ನಿಮ್ಮ ಕಡೆ ಬಂದರಾ?

ನಡುವೆ ಪರಾತದವಳು ನನ್ನ ಭಾವಮೈದುನನ ಕಡೆ ತಿರುಗಿ, ನೀನು ಈ ಟೀವಿಯವನಾ ಅಂತ ಕೇಳಿದಳು. ಅವನು ಅಲ್ಲ, ನೋಡಲು ಬಂದವನು, ಲಕ್ಷ್ಮೀ ನಗರದಲ್ಲಿರುವುದು ಅಂದ. "ಅಲ್ಲಿ ಯೂನಿಟ್ಟಿಗೆಷ್ಟು?" ಅವನಿಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿದ. ನಾನು 5 ರೂಪಾಯಿ ಅಂದೆ. "ನಿಮ್ಮ ಕಟ್ಟಡದಲ್ಲಿ ಎಲ್ಲರಿಗೂ ಐದೇನಾ?" ನನಗೂ ಗೊತ್ತಿರಲಿಲ್ಲ. ಅವಳು ಮತ್ತೆ ಅಕ್ಕಿಯ ಕಡೆ ಬಗ್ಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಜಗಳ. ಅವನಿಗೆ ಅದು ದೊಡ್ಡ ಕಲಾಕೃತಿ. ನನ್ನ ವಾದ ಹೆಗ್ಗೋಡಿನದ್ದು. ನಾವಿಬ್ಬರೂ ಸಾಗರ ಸೀಮೆಯವರು, ಅಲ್ಲಿನ ನೀನಾಸಂ ನೋಡಿಕೊಂಡು ಬೆಳೆದವರು. 1949ರಲ್ಲಿ ಊರ ಹುಡುಗರು ಕಟ್ಟಿಕೊಂಡ ನಾಟಕದ ಸಂಘ. 1972ರಲ್ಲಿ ರಂಗಮಂದಿರ, ಮರುವರ್ಷ ಫಿಲ್ಮ್ ಸೊಸೈಟಿ, 1980ಕ್ಕೆ ರಂಗಶಿಕ್ಷಣ ಕೇಂದ್ರ, 1985ಕ್ಕೆ ಊರೂರು ಸುತ್ತುವ ನಾಟಕ ತಂಡ ತಿರುಗಾಟ. ಅಡಿಕೆ ಸುಲಿದ ಕೈಯಲ್ಲೇ ಬಂದು ಕುರೊಸಾವಾ ಸಿನಿಮಾ ನೋಡಿ, ಮಾರನೇ ದಿನ ಬಸ್‌ಸ್ಟಾಪಿನಲ್ಲಿ ಅದರ ತಪ್ಪು ಎತ್ತಿ ಆಡುತ್ತಿದ್ದ ಜನ. ಅಲ್ಲಿ ಪರದೆ ಎಳೆಯುವವನೂ ಪಾತ್ರ ಮಾಡುವವನೂ ಪಂಕ್ತಿಯಲ್ಲಿ ಪಾಯಸ ಬಡಿಸುವವನೂ ಊರಿನವನೇ. ಅದನ್ನು ಬೆಳೆಸಿದ ಸುಬ್ಬಣ್ಣನವರು ತೀರಿಕೊಂಡು ಆಗ ಇನ್ನೂ ವರ್ಷವಾಗಿರಲಿಲ್ಲ, ನನಗೆ ಆ ಬಿಸಿಯೂ ಇತ್ತು. "ಸಮುದಾಯ ಅಂದ್ರೆ ಅದು. ಇದೇನು, ಕೆಲವು ವಾರ ವೈರ್ ಎಳೆದು, ಬಿಚ್ಚಿಕೊಂಡು ಹೋಗೋದು" ಅಂದೆ.

ಅವನೇನೂ ಸುಮ್ಮನಿರಲಿಲ್ಲ. "ಭಾವ, ಹೆಗ್ಗೋಡಲ್ಲಿ ತೋಟ ಇದೆ. ಇಲ್ಲಿ ಯಾರಿಗೆ ಏನಿದೆ? ನಿನ್ನ ಬಾಡಿಗೆ ಪತ್ರ ಎಷ್ಟು ತಿಂಗಳದ್ದು?"

ಹನ್ನೊಂದು. ನಿಮ್ಮೆಲ್ಲರದ್ದೂ ಅಷ್ಟೇ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು, ಅದಕ್ಕೇ ಹನ್ನೊಂದು. ಈ ಊರಿನಲ್ಲಿ ರೆಸಿಡೆನ್ಸಿಗೆ ಬಂದವರು ಕಲಾವಿದರು ಮಾತ್ರ ಅಲ್ಲ, ನಾವೆಲ್ಲರೂ ಎಂಬುದು ಆವತ್ತು ಜಗಳದ ನಡುವೆ ನನಗೆ ಮೊದಲ ಸಲ ಹೊಳೆಯಿತು. ಹನ್ನೊಂದು ತಿಂಗಳಿಗೊಮ್ಮೆ ಗಂಟು ಕಟ್ಟುವವರಿಗೆ ಕೆಲವು ವಾರದ ಟೀವಿ ಅಷ್ಟೇನೂ ಸಣ್ಣದಲ್ಲ. ಅವನಿಗೆ ಹಾಗಂತ ಹೇಳಲಿಲ್ಲ, ಆ ಮಾತು ಬೇರೆ.

ಹಾಗಂತ ಒಂದು ಟೀವಿಯಿಂದ ಗಲ್ಲಿ ಬದಲಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದೇ ಖಿರ್ಕಿ ಎಕ್ಸ್‌ಟೆನ್ಷನ್‌ನಲ್ಲಿ 2014ರ ಜನವರಿಯಲ್ಲಿ ದಿಲ್ಲಿಯ ಕಾನೂನು ಸಚಿವರೇ ನಡುರಾತ್ರಿ ಬಂದು, ಆಫ್ರಿಕದ ಹೆಂಗಸರಿದ್ದ ಮನೆಯ ಮೇಲೆ ದಾಳಿ ಮಾಡಿ ಅಂತ ಪೊಲೀಸರ ಜೊತೆ ಪಟ್ಟು ಹಿಡಿದರು. ಅಕ್ಕಪಕ್ಕದವರು ಬಹಳ ಮಂದಿ ಅವರ ಬೆನ್ನಿಗಿದ್ದರು. ಖೋಜ್ ಅಲ್ಲಿಗೆ ಬಂದು ಆಗ ಹನ್ನೆರಡು ವರ್ಷ. ಆಮೇಲೆ ಖೋಜ್‌ನವರು ಭಾರತ-ಆಫ್ರಿಕದ ಸಂಬಂಧವನ್ನೇ ವಿಷಯವಾಗಿಟ್ಟು ರೆಸಿಡೆನ್ಸಿ ಮಾಡಿದರು. ಹಿಂದಿ, ಇಂಗ್ಲಿಷ್ ಎರಡೂ ಇದ್ದ ಒಂದು ಗಲ್ಲಿ ಪತ್ರಿಕೆ, ಖಿರ್ಕೀ ವಾಯ್ಸ್, ಅಲ್ಲಿಂದ ಹೊರಟಿತು. ತಡವಾಯಿತು ಅನ್ನಬಹುದು. ಮಾಡಿದ್ದು ಸರಿ ಅಂತಲೇ ನನ್ನ ಎಣಿಕೆ.

ನಮ್ಮ ಲಕ್ಷ್ಮೀ ನಗರದ್ದೂ ಒಂದು ಇದೆ, ಅದನ್ನು ಬಿಟ್ಟು ಈ ಕಥೆ ಹೇಳಲಾಗದು. 2010ರ ನವೆಂಬರ್ 15, ಲಲಿತಾ ಪಾರ್ಕ್. ಇಲ್ಲಿಂದ ನಡೆದು ಹೋಗುವಷ್ಟು ದೂರ. ಐದಂತಸ್ತಿನ ಕಟ್ಟಡ ಸಂಜೆ ಕತ್ತಲಾದ ಮೇಲೆ ಕುಸಿಯಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಬಿಹಾರ, ಬಂಗಾಳದಿಂದ ಕೂಲಿಗೆ ಬಂದ ಬಾಡಿಗೆದಾರರು. ಆ ಮಳೆಗಾಲದಲ್ಲಿ ಯಮುನೆ ಉಕ್ಕಿ ನೆಲಮಾಳಿಗೆಯಲ್ಲಿ ನೀರು ನಿಂತಿತ್ತು ಅಂತ ಪತ್ರಿಕೆಗಳು ಬರೆದವು. ನಾನು ಹೋದಾಗ ಜನ ಕೇಳುತ್ತಿದ್ದದ್ದು ಒಂದೇ: ಒಳಗೆ ಯಾರ್ಯಾರಿದ್ದರು? ಉತ್ತರ ಯಾರಿಗೂ ಪೂರ್ತಿ ತಿಳಿದಿರಲಿಲ್ಲ.

ಆದರೆ 2006ರ ಕಥೆ ಇನ್ನೂ ಮುಗಿದಿಲ್ಲ. ಆವತ್ತು ರಾತ್ರಿ ಮನೆಗೆ ಬಂದು ಊಟವಾದ ಮೇಲೆ ಭಾವಮೈದುನ ಚಪ್ಪಲಿ ಮೆಟ್ಟಿಕೊಂಡು, "ಬಾ, ಕೇಳಿಕೊಂಡು ಬರೋಣ" ಅಂದ. ಎರಡನೇ ಮಹಡಿಯ ಬಿಹಾರಿ ಅಣ್ಣತಮ್ಮಂದಿರು ಬಾಗಿಲು ಅರ್ಧ ತೆರೆದು, ನಾವು ಯಾರು ಅಂತ ಮೊದಲು ಕೇಳಿದರು. ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವರು! ಅವರಿಗೆ ಯೂನಿಟ್ಟಿಗೆ 6. ಮೊದಲ ಮಹಡಿಯ ಗಢವಾಲಿ ಸಂಸಾರಕ್ಕೆ 4, ಏಕೆಂದರೆ ಅವರು ಬಹಳ ವರ್ಷದಿಂದ ಇದ್ದವರು. ಅವರ ಮನೆಯಾಕೆ ನಮಗೆ ಚಹಾ ಕೊಟ್ಟು, ಈ ವಿಷಯ ತಾನು ಹೇಳಿದ್ದೆಂದು ಹೇಳಬೇಡಿ ಅಂದರು. ಆಮೇಲೆ ಉಳಿದ ಮನೆಗಳಿಗೆ ಸ್ವತಃ ಅವರೇ ಮುಂದೆ ನಡೆದು ಬಂದರು.

ಮುಂದಿನ ಭಾನುವಾರ ಬೆಳಿಗ್ಗೆ ಎಲ್ಲ ಮಹಡಿಯವರೂ ಒಟ್ಟಿಗೆ ಕೆಳಗಿಳಿದು ಮಾಲೀಕನ ಬಾಗಿಲಲ್ಲಿ ನಿಂತೆವು. ಅವನು ಬನಿಯನ್ನಿನಲ್ಲೇ ಹೊರಬಂದು, ಇಷ್ಟು ಜನರನ್ನು ಒಟ್ಟಿಗೆ ಕಂಡು, ಯಾರಾದರೂ ಸತ್ತರಾ ಅಂತ ಗಾಬರಿಯಲ್ಲಿ ಕೇಳಿದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಎಲ್ಲರಿಗೂ 5 ಅಂತ ತೀರ್ಮಾನವಾಯಿತು. ಗಢವಾಲಿ ಸಂಸಾರಕ್ಕೆ ಅದರಿಂದ ನಷ್ಟವೇ, ಆದರೂ ಆ ತಾಯಿ ಚಕಾರ ಎತ್ತಲಿಲ್ಲ. ಮುಂದಿನ ತಿಂಗಳ ಬಾಡಿಗೆ ಚೀಟಿಯಲ್ಲಿ ನೀರಿನ ಮೋಟರಿಗೆ ಅಂತ ತಲಾ 50 ರೂಪಾಯಿ ಹೊಸದಾಗಿ ಸೇರಿತ್ತು. ಅದಕ್ಕೆ ಮತ್ತೆ ಕೆಳಗಿಳಿದೆವು.