ಜೋಡಿ ರೂಪಾಯಿ

ನಲವತ್ತು ವರ್ಷಕ್ಕೂ ಮೀರಿ ನನ್ನ ಟ್ರಂಕಿನ ತಳದಲ್ಲಿ ಒಂದು ರೂಪಾಯಿ ಮಲಗಿತ್ತು. 1975ರ ದೊಡ್ಡ ನಾಣ್ಯ. ಸಂತೆಯಲ್ಲಿ ಹುಣಸೆಹಣ್ಣು ಕೊಂಡಾಗ ಚಿಲ್ಲರೆಯಾಗಿ ಬಂದದ್ದು. ಇಸವಿಯ 7 ಮತ್ತು 5ರ ಪಕ್ಕದಲ್ಲಿ ಅವುಗಳದೇ ನೆರಳಿನಂತೆ ಇನ್ನೊಂದು ಗೆರೆ. "ಟಂಕಸಾಲೆಯ ತಪ್ಪು ಇದು, ಸಾವಿರಗಟ್ಟಲೆ ಬರುತ್ತೆ" ಎಂದು ಯಾರೋ ಹೇಳಿದ್ದೇ ತಡ, ಬಟ್ಟೆಯಲ್ಲಿ ಸುತ್ತಿಟ್ಟೆ. ಒಮ್ಮೆ ತಿಂಗಳ ಕೊನೆಯಲ್ಲಿ ಹಾಲಿನ ಲೆಕ್ಕಕ್ಕೆ ಒಂದು ರೂಪಾಯಿ ಕಡಿಮೆ ಬಿತ್ತು. ನನ್ನಾಕೆ ಆ ನಾಣ್ಯ ಕೇಳಿದಳು. ನಾನು ಕೊಡಲಿಲ್ಲ. ಅವಳು ಪಕ್ಕದ ಮನೆಯಲ್ಲಿ ಸಾಲ ತಂದಳು. (ಅದನ್ನು ಇಂದಿಗೂ ಮರೆತಿಲ್ಲ, ಪುಣ್ಯಾತ್ಗಿತ್ತಿ.)

ಬೇಸಿಗೆ ರಜೆಗೆ ಬಂದ ಮೊಮ್ಮಗಳಿಗೆ ಅದನ್ನು ತೋರಿಸಿದೆ. "ತಾತ, ಮಾರಿದ್ರೆ ನಂಗೆ ಸೈಕಲ್ ಕೊಡಿಸ್ತೀಯಾ?" ಎಂದಳು. ಮಾತು ಕೊಟ್ಟೆ. ಹಳೆಯ ನಾಣ್ಯ ಕೂಡಿಡುವ ಗೆಳೆಯರೊಬ್ಬರ ಮನೆಗೆ ಇಬ್ಬರೂ ಹೊರಟೆವು.

ಅವರು ಮೊದಲು ಅಮೆರಿಕದ ಕಥೆ ಹೇಳಿದರು. ನಾಣ್ಯ ಒತ್ತುವ ಉಕ್ಕಿನ ಅಚ್ಚನ್ನೂ ಒಂದು ಮೂಲ ಅಚ್ಚಿನಿಂದಲೇ ಒತ್ತಿ ಮಾಡುತ್ತಾರಂತೆ. ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡದಿದ್ದರಿಂದ, ಕಾಯಿಸಿ ಮೆದು ಮಾಡಿ ಮತ್ತೆ ಒತ್ತುವುದು ಆಗಿನ ಕ್ರಮ. 1955ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಹೀಗೆ ಮಾಡುವಾಗ ಎರಡನೇ ಒತ್ತು ಚೂರು ತಿರುಗಿ ಬಿತ್ತು. ಆ ಅಚ್ಚಿನಿಂದ ಹೊರಬಂದ ಒಂದು ಸೆಂಟಿನ ಪ್ರತಿಯೊಂದು ನಾಣ್ಯದಲ್ಲೂ ಇಸವಿ, ಅಕ್ಷರಗಳು ಎರಡೆರಡು, ಬರಿಗಣ್ಣಿಗೇ ಕಾಣುವಷ್ಟು! ತಪ್ಪು ಗೊತ್ತಾಗುವ ಹೊತ್ತಿಗೆ ಸುಮಾರು 20 ಸಾವಿರ ನಾಣ್ಯಗಳು ಒಳ್ಳೆಯವುಗಳ ರಾಶಿಯಲ್ಲಿ ಬೆರೆತಿದ್ದವು. ಹಾಗೆಯೇ ಹೊರಗೆ ಹೋದವು. ಚೆನ್ನಾಗಿ ಉಳಿದಿರುವ ಒಂದಕ್ಕೆ ಈಗ ಸಾವಿರ ಡಾಲರಿಗೂ ಮೇಲೆ ಬೆಲೆಯಂತೆ. ನನ್ನ ಎದೆ ಡವಗುಟ್ಟಿತು.

ಅವರು ನನ್ನ ನಾಣ್ಯದ ಜೊತೆಗೆ ಅದೇ ವರ್ಷದ ಇನ್ನೊಂದನ್ನಿಟ್ಟು, ಭೂತಗನ್ನಡಿಯನ್ನು ಹುಡುಗಿಯ ಕೈಗೇ ಕೊಟ್ಟರು.

"ಪಕ್ಕದ ಗೆರೆ ಉಬ್ಬಿದೆಯೋ, ಚಪ್ಪಟೆಯೋ?"

"ಚಪ್ಪಟೆ. ಮೆಟ್ಟಿಲಿನ ಥರ. ಹೊಳೀತಿದೆ."

"7 ಆ ನಾಣ್ಯದ್ದಕ್ಕಿಂತ ದಪ್ಪಗಿದೆಯೋ, ಸಣ್ಣಗಿದೆಯೋ?"

ಅವಳು ನನ್ನ ಮುಖ ನೋಡಿ, ಮೆಲ್ಲಗೆ "ಸಣ್ಣಗಿದೆ" ಎಂದಳು.

ಅಲ್ಲಿಗೆ ಮುಗಿಯಿತು. ಅಚ್ಚಿನಲ್ಲೇ ಜೋಡಿಯಿದ್ದರೆ ಎರಡನೇ ಅಂಕೆಯೂ ಮೊದಲಿನದರಂತೆ ಉಬ್ಬಿರುತ್ತದೆ, ಅಂಕೆ ಅಗಲವಾಗುತ್ತದೆ, ಎರಡೂ ಕೂಡುವ ಮೂಲೆಯಲ್ಲಿ ಸಣ್ಣ ಕಚ್ಚು ಕಾಣುತ್ತದೆ. ನನ್ನದರಲ್ಲಿ ಅಚ್ಚು ಸರಿಯಾಗಿಯೇ ಇತ್ತು. ಸಡಿಲವಾಗಿದ್ದರಿಂದ ಒತ್ತಿದ ಮೇಲೆ ಜರುಗಿ, ಮೂಡಿದ್ದ ಅಂಕೆಯ ಪಕ್ಕೆಯನ್ನೇ ತಳ್ಳಿ ಚಪ್ಪಟೆ ಮಾಡಿತ್ತು. ಇಂಥವು ಬೇಕಾದಷ್ಟು ಸಿಗುತ್ತವಂತೆ. ಬೆಲೆ? ಒಂದು ರೂಪಾಯಿ.

ಮನೆಗೆ ಬಂದು ಹೇಳಿದಾಗ ನನ್ನಾಕೆಗೆ ಒಂದೇ ಮಾತಿಗೆ ಅರ್ಥವಾಯಿತು. "ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೇ ತಾನೆ? ಮರದಲ್ಲೇ ಗಿಳಿಗೆ ಎರಡು ಕೊಕ್ಕು ಕೆತ್ತಿದ್ದರೆ ಎಲ್ಲಾ ಗಿಳಿಗೂ ಎರಡು ಕೊಕ್ಕು. ಬಿಡಿಸುವಾಗ ಕೈ ಅಲ್ಲಾಡಿದರೆ ಇದ್ದ ಕೊಕ್ಕೇ ಚಪ್ಪಟೆ."

ಮೊಮ್ಮಗಳು ಸೈಕಲ್ ಮಾತೆತ್ತಲಿಲ್ಲ. ಅದೇ ನನಗೆ ಚುಚ್ಚಿತು. ಪಿಂಚಣಿ ಬಂದ ದಿನ ಕರೆದುಕೊಂಡು ಹೋಗುತ್ತೇನೆಂದೆ.

ನನ್ನಾಕೆ ಅಂಗೈ ಚಾಚಿದಳು. "ಈಗಲಾದರೂ ನನ್ನ ಹಾಲಿನ ರೂಪಾಯಿ ಕೊಡ್ತೀರಾ?"

ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.