ತಲೆ ಎಣಿಸುವ ಕೆಲಸ



ನಾನು ಇದೇ ಶಾಲೆಯಲ್ಲಿ ಓದಿದವಳು. ಏಳನೇ ತರಗತಿಯಲ್ಲಿದ್ದಾಗ ಇದೇ ಗೋಡೆಪತ್ರಿಕೆಗೆ ನಮ್ಮೂರ ಜಾತ್ರೆಯ ಬಗ್ಗೆ ಅರ್ಧ ಹಾಳೆ ಬರೆದಿದ್ದೆ. ಅದರಲ್ಲಿ ಎಂಟು ಕಡೆ ಒತ್ತಕ್ಷರ ತಪ್ಪಿದೆಯೆಂದು ಮೇಷ್ಟ್ರು ಕೆಂಪು ಇಂಕಿನಲ್ಲಿ ಗುರುತು ಹಾಕಿದ್ದರು. ಈಗ ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆ. ಮೊನ್ನೆ ಊರಿಗೆ ಬಂದಿದ್ದಾಗ ಹೆಡ್ ಮಾಸ್ಟರು, "ಬೇಸಿಗೆ ರಜೆಯಲ್ಲಿ ಏನು ಮಾಡಿದೆವು ಅಂತ ಮಕ್ಕಳೆಲ್ಲಾ ಬರೀತಿದ್ದಾರೆ, ನೀನೂ ಒಂದು ಬರೆದುಕೊಡಮ್ಮ" ಎಂದರು. ನಾನು ರಜೆಯಲ್ಲಿ ಮಾಡಿದ್ದು ಒಂದೇ ಕೆಲಸ. ನೀರಿನಲ್ಲಿರುವ ಮಕ್ಕಳ ತಲೆ ಎಣಿಸಿದ್ದು. ನಗಬೇಡಿ. ಪೂರ್ತಿ ಓದಿ.

ನನ್ನ ಮಗಳು ಪುಟ್ಟಿಗೆ ಹತ್ತು ವರ್ಷ. ಈ ಬೇಸಿಗೆಯಲ್ಲಿ ಅವಳನ್ನು ಜಯನಗರದ ಒಂದು ಈಜುಕೊಳದ ಶಿಬಿರಕ್ಕೆ ಸೇರಿಸಿದೆವು. ಬೆಳಿಗ್ಗೆ ಆರು ಗಂಟೆಗೆಲ್ಲಾ ಅಲ್ಲಿರಬೇಕು. ಕೊಳದ ಉದ್ದ 25 ಮೀಟರ್. ನಮ್ಮ ಶಾಲೆಯ ಈ ಜಗಲಿಗಿಂತ ಸ್ವಲ್ಪ ಉದ್ದ ಅಂದುಕೊಳ್ಳಿ. ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದರ ವಾಸನೆ ಗೇಟಿನ ಹತ್ತಿರವೇ ಮೂಗಿಗೆ ಬಡಿಯುತ್ತದೆ. ಮಕ್ಕಳು ತಲೆಗೆ ರಬ್ಬರ್ ಟೋಪಿ, ಕಣ್ಣಿಗೆ ನೀರು ಹೋಗದ ಕನ್ನಡಕ ಹಾಕಿಕೊಂಡು ಸಾಲಾಗಿ ನಿಂತರೆ ಯಾರು ಯಾರ ಮಕ್ಕಳು ಅಂತ ಹೆತ್ತವರಿಗೇ ಗುರುತು ಸಿಗೋದಿಲ್ಲ.

ಶಿಬಿರದ ಕೊನೆಗೆ ಬೇರೆ ಶಿಬಿರದ ಮಕ್ಕಳ ಜೊತೆ ಪಂದ್ಯ ಇರುತ್ತದೆ. ಅದಕ್ಕೆ 24 ಮಕ್ಕಳ ತಂಡ ಆಯ್ಕೆಯಾಯಿತು. ಪುಟ್ಟಿಯೂ ಒಬ್ಬಳು. ಆಗ ಕೋಚ್ ಸರ್, "ನಾನು ಒಬ್ಬ, ಮಕ್ಕಳು 24. ತಂದೆ ತಾಯಿಯರಲ್ಲಿ ಯಾರಾದರೂ ಸಹಾಯಕ್ಕೆ ಬನ್ನಿ" ಎಂದು ಕೇಳಿದರು. ಎಲ್ಲರೂ ಗಡಿಯಾರ ನೋಡಿಕೊಂಡರು. ನಾನು ನೆಲ ನೋಡಿದೆ. ಅವರು ನನ್ನ ಹತ್ತಿರವೇ ಬಂದರು.

"ಸರ್, ನಂಗೆ ಈಜೇ ಬರೋದಿಲ್ಲ" ಅಂದೆ.

"ಎಣಿಸೋಕೆ ಬರುತ್ತಲ್ಲಮ್ಮ?" ಅಂದರು.

ಹಾಗೆ ನನಗೆ ಈ ಕೆಲಸ ಸಿಕ್ಕಿತು. ಕೊರಳಿಗೆ ಒಂದು ಪೀಪಿ ಕಟ್ಟಿಕೊಂಡು ದಡದಲ್ಲಿ ನಿಲ್ಲಬೇಕು. ಎರಡು ನಿಮಿಷಕ್ಕೊಮ್ಮೆ ತಲೆ ಎಣಿಸಬೇಕು. ಫೋನು ಮುಟ್ಟಬಾರದು, ಪಕ್ಕದವರ ಜೊತೆ ಮಾತಾಡಬಾರದು. 24 ಇದ್ದರೆ ಸರಿ. ಒಂದು ಕಡಿಮೆಯಾದರೂ ಪೀಪಿ ಊದಬೇಕು, ಎಲ್ಲರೂ ನೀರಿನಿಂದ ಮೇಲೆ ಬರಬೇಕು. ಸುಲಭ ಅನ್ನಿಸಿತು. ಆದರೆ ನೀರಿನಲ್ಲಿರುವ ಮಕ್ಕಳನ್ನು ಎಣಿಸೋದು ಕೊಟ್ಟಿಗೆಯ ಹಸು ಎಣಿಸಿದ ಹಾಗಲ್ಲ. ಒಂದು ತಲೆ ಮುಳುಗುತ್ತದೆ, ಇನ್ನೊಂದು ಏಳುತ್ತದೆ. ಹದಿನೇಳಕ್ಕೆ ಬರುವಷ್ಟರಲ್ಲಿ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು. ಆಮೇಲೆ ಕೋಚ್ ಸರ್ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದರು. ಪೀಪಿ ಊದಿದ ಕೂಡಲೇ ಜೋಡಿಯವರು ಒಬ್ಬರ ಕೈ ಒಬ್ಬರು ಹಿಡಿದು ಮೇಲೆತ್ತಬೇಕು. ಹನ್ನೆರಡು ಜೋಡಿ ಕೈ ಕಂಡರೆ ಲೆಕ್ಕ ಸರಿ. ಎಷ್ಟು ಸರಳ ಉಪಾಯ ನೋಡಿ.

ಸಂಜೆ ಹೊತ್ತು ಸ್ಟಾಪ್‌ವಾಚ್ ಹಿಡಿಯುವುದನ್ನೂ ಕಲಿಸಿದರು. ವಿಜ್ಞಾನದ ಪಾಠ ಇಷ್ಟ ಇರುವವರಿಗೆ ಒಂದು ಮಾತು. ಪಂದ್ಯ ಶುರುಮಾಡುವವರು ಕೈ ಇಳಿಸಿ ಸದ್ದು ಮಾಡುತ್ತಾರೆ. ದೂರದಲ್ಲಿ ನಿಂತವರು ಸದ್ದು ಕೇಳಿ ಗಡಿಯಾರ ಒತ್ತಬಾರದು, ಕೈ ನೋಡಿ ಒತ್ತಬೇಕು. ಏಕೆಂದರೆ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 25 ಮೀಟರ್ ದಾಟಲು ಸೆಕೆಂಡಿನ ನೂರು ಭಾಗದಲ್ಲಿ ಏಳು ಭಾಗ ಬೇಕು. ಅಷ್ಟರಲ್ಲೇ ಎಷ್ಟೋ ಸೋಲು ಗೆಲುವು ನಡೆದುಹೋಗುತ್ತದೆ. ಒಬ್ಬ ಈಜುಗಾರನಿಗೆ ಮೂವರು ಗಡಿಯಾರ ಹಿಡಿದು, ಮೂರೂ ಬೇರೆ ಬೇರೆ ಬಂದರೆ ನಡುವಿನದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಎರಡನೇ ವಾರ ಒಂದು ಘಟನೆ ನಡೆಯಿತು. ಪೀಪಿ ಊದಿದೆ. ಜೋಡಿ ಕೈಗಳು ಎದ್ದವು. ಎಣಿಸಿದೆ, ಹನ್ನೊಂದು. ಒಬ್ಬ ಹುಡುಗ ಮಾತ್ರ ಒಂಟಿ ಕೈ ಎತ್ತಿಕೊಂಡು ಆ ಕಡೆ ಈ ಕಡೆ ನೋಡುತ್ತಿದ್ದ. ನನ್ನ ಕೈಕಾಲು ತಣ್ಣಗಾದವು. ಉಸಿರು ಕಟ್ಟಿ ಪೀಪಿ ಊದಿದೆ. ಎಲ್ಲರೂ ಮೇಲೆ ಬಂದರು. ಕೋಚ್ ಸರ್ ನೀರಿಗೆ ಹಾರಿ ತಳದವರೆಗೂ ಹುಡುಕಿದರು. ಅಷ್ಟರಲ್ಲಿ ಆ ಜೋಡಿಯ ಇನ್ನೊಬ್ಬ ಹುಡುಗ ಬಟ್ಟೆ ಬದಲಿಸುವ ಕೋಣೆಯಿಂದ ಬಾಯಿ ತುಂಬಾ ಬಿಸ್ಕತ್ತು ತುಂಬಿಕೊಂಡು, "ಏನಾಯ್ತು ಆಂಟಿ?" ಅಂತ ಬಂದ!

ಕೆಲವರು ನಕ್ಕರು. ಒಬ್ಬರು, "ಇಷ್ಟಕ್ಕೆಲ್ಲಾ ಹಿಂಗೆ ಗಾಬರಿ ಮಾಡಿದ್ರೆ ಹೆಂಗ್ರೀ" ಅಂದರು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅಳು ತಡೆಯಲಾಗಲಿಲ್ಲ. ಕೋಚ್ ಸರ್ ಮಾತ್ರ ನಗಲಿಲ್ಲ. "ನೂರು ಸಲ ಸುಳ್ಳಾಗಲಮ್ಮ, ಪರವಾಗಿಲ್ಲ. ನಾಳೆಯೂ ಹಿಂಗೇ ಊದಿ" ಅಂದರು.

ನಾನು ಯಾಕೆ ಅತ್ತೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ. ಏಕೆಂದರೆ ಅದು ನಮ್ಮೂರ ಕೆರೆಯ ವಿಷಯ.

1992ರಲ್ಲಿ ನಾನು ಆರನೇ ತರಗತಿ. ಆಗ ಗಂಡುಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ನಾವು ಕೇಳಿದರೆ "ಹೆಣ್ಮಕ್ಳಿಗ್ಯಾಕೆ ಈಜು?" ಅನ್ನುತ್ತಿದ್ದರು. ಆದರೆ ಕೆರೆಗೆ ಬಟ್ಟೆ ಒಗೆಯಲು ಹೋಗುವವರು ಮಾತ್ರ ನಾವೇ! ಒಂದು ಭಾನುವಾರ ಏಳು ಜನ ಹುಡುಗಿಯರು ಬಕೆಟ್ ಹಿಡಿದು ಹೋದೆವು. ಬಟ್ಟೆ ಜಾಲಿಸುತ್ತಾ ಅಂತ್ಯಾಕ್ಷರಿ ಆಡುತ್ತಿದ್ದೆವು. ಒಬ್ಬಳ ಸರದಿ ಬಂತು. ಅವಳು ಹಾಡಲಿಲ್ಲ. "ಸೋತ್ಲು, ಸೋತ್ಲು" ಅಂತ ನಕ್ಕು ಮುಂದಿನವಳು ಹಾಡಿದಳು. ಬಟ್ಟೆ ಹಿಂಡಿಕೊಂಡು ಏರಿ ಹತ್ತಿದಾಗ ನಾವು ಆರು ಜನ. ಕಲ್ಲಿನ ಮೇಲೆ ಒಂದು ಬಕೆಟ್ ಉಳಿದಿತ್ತು.

ಅವಳ ಹೆಸರು ಬರೆಯುವುದಿಲ್ಲ. ಊರಿನ ಹಿರಿಯರಿಗೆ ಗೊತ್ತು. ಅವಳು ನನ್ನ ಪಕ್ಕದ ಕಲ್ಲಿನ ಮೇಲೇ ಕೂತಿದ್ದಳು, ಮಾರು ದೂರವೂ ಇರಲಿಲ್ಲ. "ಕೂಗಿದ್ರೆ ಕೇಳಿಸ್ತಿರ್ಲಿಲ್ವೇನೇ?" ಅಂತ ಅವಳ ಅಮ್ಮ ನನ್ನನ್ನು ಕೇಳಿದರು. ಈ ಮಾತು ಮೂವತ್ತು ವರ್ಷಕ್ಕೂ ಮೇಲೆ ನನ್ನ ಕಿವಿಯಲ್ಲೇ ಇತ್ತು. ಅವಳು ಕೂಗಿರಬೇಕು, ಹಾಡಿನ ಗಲಾಟೆಯಲ್ಲಿ ನಾನೇ ಕೇಳಿಸಿಕೊಳ್ಳಲಿಲ್ಲ ಎಂದೇ ನಂಬಿದ್ದೆ.

ಆ ದಿನ ಬೆಂಚಿನ ಮೇಲೆ ಕೂತು ಇದನ್ನು ಕೋಚ್ ಸರ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಳುಗೋರು ಕೂಗೋದಿಲ್ಲಮ್ಮ. ಕೂಗೋಕಾಗಲ್ಲ" ಎಂದರು. ಬಾಯಿ ನೀರಿನ ಮೇಲೆ ಬರುವುದು ಕ್ಷಣ ಮಾತ್ರ. ಅಷ್ಟರಲ್ಲಿ ಉಸಿರು ಎಳೆದುಕೊಳ್ಳಲೇ ಸಾಲದು, ಇನ್ನು ಕೂಗುವುದೆಲ್ಲಿ? ಕೈ ಬೀಸಿ ಕರೆಯಲೂ ಆಗುವುದಿಲ್ಲ, ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಸಿನಿಮಾದಲ್ಲಿ ತೋರಿಸುವ ಹಾಗೆ "ಕಾಪಾಡಿ ಕಾಪಾಡಿ" ಅನ್ನುವುದು ಬಹಳ ಸಲ ಇರುವುದೇ ಇಲ್ಲ. ಒಂದು ನಿಮಿಷದೊಳಗೆ, ಪಕ್ಕದಲ್ಲಿದ್ದವರಿಗೂ ತಿಳಿಯದಂತೆ ಮುಗಿದುಹೋಗಬಹುದು. ಅದಕ್ಕೇ ದಡದಲ್ಲಿರುವವರು ಕಿವಿಯನ್ನು ನಂಬಬಾರದು, ಕಣ್ಣನ್ನು ನಂಬಬೇಕು. ಅದಕ್ಕೇ ತಲೆ ಎಣಿಸುವುದು.

ಅವತ್ತು ಮನೆಗೆ ಹೋಗುವಾಗ ಯಡಿಯೂರು ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನೀರು ನೋಡಿದೆ. ಅವಳು ಕೂಗಿರಲಿಲ್ಲ. ನನಗೆ ಕೇಳಿಸದೇ ಹೋದದ್ದು ನನ್ನ ತಪ್ಪಾಗಿರಲಿಲ್ಲ. ಆದರೆ ನಮ್ಮ ಏಳು ಜನರಲ್ಲಿ ಎಣಿಸುವವರು ಒಬ್ಬರಿದ್ದಿದ್ದರೆ? ಆ ಪ್ರಶ್ನೆ ಉಳಿದೇ ಇದೆ.

ಮಕ್ಕಳೇ, ಈಜು ಪಟ್ಟಣದ ಶ್ರೀಮಂತರ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಬಸವನಗುಡಿಯ ಈಜು ಕೇಂದ್ರದಲ್ಲಿ ಅಭ್ಯಾಸ ಮಾಡಿದ ನಿಶಾ ಮಿಲೆಟ್ ಅವರು ಐದು ವರ್ಷದವರಿದ್ದಾಗ ನೀರಿನಲ್ಲಿ ಮುಳುಗುವುದರಲ್ಲಿದ್ದರು. ಆ ಭಯ ಹೋಗಲೆಂದೇ ಆಮೇಲೆ ಈಜು ಕಲಿತರು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಬೆಂಗಳೂರಿನ ಶರತ್ ಗಾಯಕ್ವಾಡ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿಲ್ಲ. ಅವರು 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ತಂದರು. ಬೆಂಗಳೂರಿನ ಹುಡುಗಿ ಧಿನಿಧಿ ದೇಸಿಂಗು 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಾಗ ಬರೀ 14 ವರ್ಷ. ಪದಕ ಎಲ್ಲರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಕಂದಮ್ಮಗಳು. ಅದಕ್ಕೇ ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುಸಾವು ತಡೆಯುವ ದಿನ ಎಂದು ಘೋಷಿಸಿತು. ಮುಂದಿನ ತಿಂಗಳ ಗೋಡೆಪತ್ರಿಕೆಗೆ ಅದೇ ವಿಷಯ ಆಗಬಹುದಲ್ಲವೇ?

ಈಗ ಮುಂಗಾರು ಶುರುವಾಗಿದೆ. ಜೆಸಿಬಿಯಲ್ಲಿ ಮಣ್ಣು ತೆಗೆದ ಕೆರೆಯಲ್ಲಿ ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳು ಆಳ ಅಂತ ನೀರು ತುಂಬಿದ ಮೇಲೆ ತಿಳಿಯುವುದಿಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲ ಹೊಲಗಳಲ್ಲಿ ಕೃಷಿ ಹೊಂಡ ಆಗಿವೆ. ಒಳ್ಳೆಯದೇ. ಆದರೆ ಅದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಾಗಿದರೆ ಪಾಚಿಗಿಂತ ಜಾರು. ಈಜು ಬಂದವರೂ ಹತ್ತಿ ಬರಲು ಒದ್ದಾಡುತ್ತಾರೆ. ಆದ್ದರಿಂದ ಈ ಕೆಳಗಿನ ಮಾತುಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ.

1. ನೀರಿನ ಹತ್ತಿರ ಒಬ್ಬರೇ ಹೋಗಬೇಡಿ. ದೊಡ್ಡವರು ಜೊತೆಗಿರಲಿ.

2. ಹೋಗುವ ಮುಂಚೆ ಎಷ್ಟು ಜನ ಅಂತ ಎಣಿಸಿ. ಜೋಡಿ ಮಾಡಿಕೊಳ್ಳಿ. ಒಬ್ಬರು ದಡದಲ್ಲಿ ಕೂತು ಎಣಿಸುತ್ತಲೇ ಇರಲಿ.

3. ಯಾರಾದರೂ ಮುಳುಗುತ್ತಿದ್ದರೆ ನೀವು ನೀರಿಗೆ ಹಾರಬೇಡಿ. ಮುಳುಗುವವರು ಸಿಕ್ಕಿದ್ದನ್ನು ತಬ್ಬಿ ಹಿಡಿಯುತ್ತಾರೆ, ಇಬ್ಬರೂ ಹೋಗುತ್ತೀರಿ. ಕೂಗಿ ದೊಡ್ಡವರನ್ನು ಕರೆಯಿರಿ. ದಡದಲ್ಲಿ ಮಲಗಿ ಕೋಲು, ಸೀರೆ, ಪಂಚೆ ಚಾಚಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಬಿಂದಿಗೆ, ಏನು ತೇಲುತ್ತದೋ ಅದನ್ನು ಎಸೆಯಿರಿ.

4. ಮೇಲೆತ್ತಿದ ಮೇಲೆ ತಲೆಕೆಳಗು ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಹೊತ್ತು ಹಾಳು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಇದನ್ನು ಆರೋಗ್ಯ ಕೇಂದ್ರದ ಸಿಸ್ಟರನ್ನು ಶಾಲೆಗೆ ಕರೆಸಿ ಮಾಡಿ ತೋರಿಸಲು ಹೆಡ್ ಮಾಸ್ಟರು ಒಪ್ಪಿದ್ದಾರೆ.

5. ಹೆಣ್ಣುಮಕ್ಕಳೇ, "ನಮಗ್ಯಾಕೆ ಈಜು" ಅನ್ನಬೇಡಿ. ನೀರಿನ ಹತ್ತಿರ ದಿನವೂ ಹೋಗುವವರು ನೀವೇ.

ಕೊನೆಯದಾಗಿ ಪಂದ್ಯದ ಸುದ್ದಿ. ಪುಟ್ಟಿ ಬೆನ್ನೀಜಿನಲ್ಲಿ ಆರು ಮಕ್ಕಳಲ್ಲಿ ಐದನೆಯವಳಾಗಿ ಬಂದಳು. ನೀರಿನಿಂದ ಎದ್ದ ಕೂಡಲೇ ಕೇಳಿದ್ದು, "ಅಮ್ಮ, ಇಡ್ಲಿ ತಂದಿದ್ದೀಯಾ?" ಅಂತ. ನಮ್ಮ ತಂಡಕ್ಕೆ ಕಪ್ ಬರಲಿಲ್ಲ. ಆದರೆ ಸಾಯಂಕಾಲ ವ್ಯಾನು ಹತ್ತಿಸುವಾಗ ಎಣಿಸಿದೆ. 24.

"ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಅಂತ ಗಾದೆ. ಮೇ ತಿಂಗಳಲ್ಲಿ ನಾನೂ ಹೆಂಗಸರ ತರಗತಿಗೆ ಸೇರಿದೆ. ಮೊದಲ ವಾರ ನೀರಿಗೆ ಮುಖ ಇಡಲಾಗಲಿಲ್ಲ, ಕಣ್ಣು ಮುಚ್ಚಿದರೆ ಆ ಬಕೆಟ್ಟೇ ಕಾಣುತ್ತಿತ್ತು. ಈಗ ಅಂಗಾತ ಮಲಗಿ ತೇಲುತ್ತೇನೆ, ಕೊಳದ ಅಡ್ಡಗಲ ಈಜುತ್ತೇನೆ. ಉದ್ದಕ್ಕೆ ಇನ್ನೂ ಆಗಿಲ್ಲ. ನಾನು ನೀರಿನಲ್ಲಿರುವಾಗ ಪುಟ್ಟಿ ನನ್ನದೇ ಪೀಪಿ ಕೊರಳಿಗೆ ಹಾಕಿಕೊಂಡು ದಡದಲ್ಲಿ ನಿಂತು ಎಣಿಸುತ್ತಾಳೆ. ಅವಳ ಲೆಕ್ಕದಲ್ಲಿ ಇರುವುದು ಒಂದೇ ತಲೆ. ಆದರೂ ಕಣ್ಣು ತೆಗೆಯುವುದಿಲ್ಲ.

20 ಮೀಟರ್ ನೈಲಾನ್ ಹಗ್ಗದ ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಕಟ್ಟಿ ತಂದಿದ್ದೇನೆ. ಕೆರೆ ಏರಿಯ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಹೊಂಗೆ ಮರಕ್ಕೆ ನೇತುಹಾಕಿದೆ. ದಯವಿಟ್ಟು ಯಾರೂ ಅದನ್ನು ದನ ಕಟ್ಟಲು ಬಿಚ್ಚಿಕೊಂಡು ಹೋಗಬೇಡಿ.

ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ. ಒತ್ತಕ್ಷರ ತಪ್ಪಿದ್ದರೆ ಮೇಷ್ಟ್ರು ಕೆಂಪು ಇಂಕಿನಲ್ಲಿ ತಿದ್ದಲಿ.

ಇಂತಿ ನಿಮ್ಮ,
ಈ ಶಾಲೆಯ ಹಳೆಯ ವಿದ್ಯಾರ್ಥಿನಿ