ದತ್ತಭೂಮಿ

ಭೂದಾನವು ಧಾರಾಪೂರ್ವಕವಾಗಿ ನಡೆಯಬೇಕೆಂಬುದು ನಮ್ಮ ಹಿರಿಯರ ಮತ. ಕೈಯಿಂದ ನೀರು ಜಾರಿತೆಂದರೆ ದಾತನ ಸ್ವಾಮ್ಯವೂ ಜಾರಿದಂತೆ. ಕೊಟ್ಟುದನ್ನು ಮರಳಿ ಕಸಿದರೆ ಅದು ದತ್ತಾಪಹಾರವೆಂಬ ಪಾತಕ. ಕನ್ನಡ ನಾಡಿನ ಎಷ್ಟೋ ಶಿಲಾಶಾಸನಗಳು ದಾನವನ್ನು ವರ್ಣಿಸಿ ಶಾಪೋಕ್ತಿಯಿಂದ ಮುಗಿಯುವುದು ಇದಕ್ಕಾಗಿಯೇ. ಸರಕಾರವು ತನ್ನ ನೆಲವನ್ನು ಊರವರ ವಿಹಾರಕ್ಕೆ ಬಿಟ್ಟುಕೊಡುವಾಗಲೂ ಇದೇ ನಿಯಮ ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿಯೇ ನನ್ನ ಸೇವಾಕಾಲವೆಲ್ಲ ಕಳೆಯಿತು. ತೊಗರಿ ಬೆಳೆಯುವ ಎರೆನೆಲದಲ್ಲಿ ಮಕ್ಕಳು ಆಡಲಾರರು. ಮಳೆಗಾಲದಲ್ಲಿ ಕಾಲು ಹೂಳುವುದು, ಬೇಸಗೆಯಲ್ಲಿ ಬಿರುಕಿಗೆ ಸಿಕ್ಕಿ ಉಳುಕುವುದು. ಆದಕಾರಣ ಊರ ಹೊರಗಿನ ಸರಕಾರಿ ಗಾಯರಾಣದ ಗಟ್ಟಿ ಬಯಲೇ ಅವರ ನಂದನವನ. ನಾನಿದ್ದ ಊರೊಂದರಲ್ಲಿ ಅಂಥ ಬಯಲಿನ ಮೇಲೆ ಮೊದಲು ಗೋದಾಮು ಎದ್ದಿತು, ಅನಂತರ ಒಂದು ಕಚೇರಿ. ಎರಡೂ ಬೇಕಾದವುಗಳೇ, ನಿಜ. ಆದರೆ ನನ್ನ ಹುಡುಗರು ಚೆಂಡು ಹಿಡಿದು ಡಾಂಬರು ರಸ್ತೆಗೆ ಇಳಿದರು. ಲಾರಿ ಬಂದಾಗಲೆಲ್ಲ ಪಾಠ ನಿಲ್ಲಿಸಿ ಕಿಟಕಿಯತ್ತ ನೋಡುವುದು ನನಗೆ ಅಭ್ಯಾಸವಾಯಿತು.

ಕಾನೂನು ದಾರಿ ತೋರಿಲ್ಲವೆನ್ನಲಾಗದು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳು ಸರಕಾರಿ ಜಮೀನನ್ನು ಸಾರ್ವಜನಿಕ ಕಾರ್ಯಕ್ಕೆ ಕಾದಿರಿಸಬಹುದು. ಆದರೆ ಅವರ ಅನುಮತಿಯಿಂದಲೇ ಅದು ಬೇರೆ ಕಾರ್ಯಕ್ಕೂ ಸಲ್ಲಬಹುದು. ಎಂದರೆ, ನೀರಿನ್ನೂ ದಾತನ ಕೈಯಲ್ಲಿಯೇ ಇದೆ!

ಬೆಂಗಳೂರಿನ ಕಬ್ಬನ್ ಉದ್ಯಾನವು 1870ರಲ್ಲಿ ಆರಂಭವಾದುದು. ಅಂಥ ಸರಕಾರಿ ತೋಟಗಳ ರಕ್ಷಣೆಗೂ 1975ರಲ್ಲಿ ಪ್ರತ್ಯೇಕ ಕಾಯಿದೆ ಬೇಕಾಯಿತು. ಅದೇ ನಗರದ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನೆಲವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಗೆ ಹಂಚಲಾಯಿತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುದ್ದಪ್ಪ ಪ್ರಕರಣದಲ್ಲಿ ಆ ಹಂಚಿಕೆ ಸಲ್ಲದೆಂದಿತು. ಆಸ್ಪತ್ರೆಯಂಥ ಪುಣ್ಯಕಾರ್ಯವೂ ಮಕ್ಕಳ ಬಯಲನ್ನು ನುಂಗುವಂತಿಲ್ಲವೆಂಬುದು ಇದರ ತಾತ್ಪರ್ಯವಲ್ಲವೇ?

ರಾಜಧಾನಿಯವರಿಗೆ ವಕೀಲರುಂಟು. ಭೀಮಾತೀರದ ಹುಡುಗರ ಪರವಾಗಿ ಯಾರು ಹೋಗುವರು? ಆದುದರಿಂದ ಮೊದಲೇ ಜಾಗರೂಕರಾಗಿರುವುದು ಲೇಸು. ಬಯಲನ್ನು ಪುರಸಭೆಗೆ ವಹಿಸುವಾಗ ಮೋಜಣಿಯಾಗಿ ಗಡಿಕಲ್ಲು ನೆಡಬೇಕು. ಆಟ, ವಿಹಾರಗಳ ಹೊರತು ಬೇರೆಗೆ ಬಳಸಕೂಡದೆಂಬ ಷರತ್ತು ಆಜ್ಞಾಪತ್ರದಲ್ಲಿಯೂ ಪಹಣಿಯಲ್ಲಿಯೂ ಸೇರಬೇಕು. ಆ ಷರತ್ತನ್ನು ಊರವರೆಲ್ಲ ಓದುವಂತೆ ಫಲಕ ನಿಲ್ಲಿಸಬೇಕು. ದಾನಶಾಸನಗಳನ್ನು ಜನ ಕಾಣುವ ಕಲ್ಲಿನಲ್ಲಿ ಕೆತ್ತಿಸಿದ ಹಿರಿಯರಿಗೆ ಈ ಮರ್ಮ ತಿಳಿದಿತ್ತು. ವಾಚಕರು ತಮ್ಮ ಊರಿನ ಬಯಲು ಯಾವ ಹೆಸರಿನಲ್ಲಿದೆಯೆಂದು ಒಮ್ಮೆ ಪಹಣಿ ತೆಗೆಸಿ ನೋಡುವರೆಂದು ನಂಬಿದ್ದೇನೆ.